ಬಾಣ ಎಲ್ಲಿದೆ ಅಂತ ಮೌಸ್‌ಗೇ ಗೊತ್ತಿಲ್ಲ! ಬೆಂಗಳೂರಿನ ನೆಲದಲ್ಲಿ ಸರಪಳಿ ಹಾಸಿದ ವಿಲಿಯಂ ಲ್ಯಾಂಬ್ಟನ್ ಕಥೆ

ಪೈಥಾನ್ ಕಲಿಯಲು ಶುರು ಮಾಡಿದವರು ಆರಂಭದಲ್ಲಿ ಬರೆದು ನೋಡುವ ಪುಟ್ಟ ಪ್ರೋಗ್ರಾಂ ಒಂದಿದೆ. ಓಡಿಸಿದರೆ ಪರದೆಯ ಮೇಲೆ ಒಂದು ಖಾಲಿ ವಿಂಡೋ ತೆರೆಯುತ್ತದೆ. ಅದರಲ್ಲಿ ಎರಡೇ ಸಂಖ್ಯೆ: ಎಕ್ಸ್ ಮತ್ತು ವೈ. ಮೌಸ್ ಅಲ್ಲಾಡಿಸಿದರೆ ಬಾಣ ಓಡುತ್ತದೆ, ಅದರ ಜೊತೆಗೇ ಸಂಖ್ಯೆಗಳೂ ಬದಲಾಗುತ್ತವೆ. ಹತ್ತು ಹನ್ನೆರಡು ಸಾಲಿನ ಕೆಲಸ. ಯಲಹಂಕದಲ್ಲೋ ಆರ್‌.ಟಿ. ನಗರದಲ್ಲೋ ನಿಮ್ಮ ಮನೆಯ ಮಕ್ಕಳು ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದರೆ ಕೇಳಿ ನೋಡಿ, ಐದು ನಿಮಿಷದಲ್ಲಿ ಮಾಡಿ ತೋರಿಸಿಯಾರು.

ಕಂಪ್ಯೂಟರ್ ಇಲ್ಲದಿದ್ದರೂ ಚಿಂತೆಯಿಲ್ಲ. ಆಂಡ್ರಾಯ್ಡ್ ಫೋನ್‌ನ ಡೆವಲಪರ್ ಆಪ್ಷನ್ಸ್ ಒಳಗೆ ಪಾಯಿಂಟರ್ ಲೊಕೇಶನ್ ಎಂಬ ಆಯ್ಕೆ ಇರುತ್ತದೆ. ಅದನ್ನು ಆನ್ ಮಾಡಿ ಪರದೆಯ ಮೇಲೆ ಬೆರಳಿಟ್ಟರೆ, ಬೆರಳು ಎಲ್ಲಿದೆ ಎಂಬುದರ ಎಕ್ಸ್ ಮತ್ತು ವೈ ಮೇಲ್ಗಡೆ ಕಾಣುತ್ತವೆ. ನೋಡಿದ ಮೇಲೆ ಮರೆಯದೆ ಆಫ್ ಮಾಡಿ, ಅಲ್ಲಿರುವ ಬೇರೆ ಆಯ್ಕೆಗಳನ್ನು ಮುಟ್ಟಬೇಡಿ.

ಈಗ ಒಂದು ಪ್ರಶ್ನೆ. ಬಾಣ ಎಲ್ಲಿದೆ ಎಂದು ಕಂಪ್ಯೂಟರ್‌ಗೆ ಹೇಳುವವರು ಯಾರು? ಮೌಸ್ ಎಂದು ಹೆಚ್ಚಿನವರು ಉತ್ತರಿಸುತ್ತಾರೆ. ಅದು ತಪ್ಪು. ತಾನು ಎಲ್ಲಿದ್ದೇನೆ ಎಂದು ಮೌಸ್‌ಗೆ ಗೊತ್ತೇ ಇಲ್ಲ. ಅದರ ಹೊಟ್ಟೆಯ ಕೆಳಗಿನ ಪುಟ್ಟ ಕ್ಯಾಮೆರಾ ಮೇಜಿನ ಚಿತ್ರವನ್ನು ಸೆಕೆಂಡಿಗೆ ಸಾವಿರಾರು ಸಲ ತೆಗೆದು, ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಹೋಲಿಸಿ, ಬಲಕ್ಕೆ ಇಷ್ಟು ಸರಿದೆ, ಮುಂದಕ್ಕೆ ಇಷ್ಟು ಸರಿದೆ ಎಂದಷ್ಟೇ ವರದಿ ಕಳಿಸುತ್ತದೆ. ಆ ಸಣ್ಣ ಸಣ್ಣ ಹೆಜ್ಜೆಗಳನ್ನು ಕೂಡಿಸಿ ಲೆಕ್ಕ ಇಡುವುದು ಕಂಪ್ಯೂಟರ್‌ನ ಕೆಲಸ. ಅನುಮಾನವಿದ್ದರೆ ಮೌಸನ್ನು ಎತ್ತಿ ಮೇಜಿನ ಇನ್ನೊಂದು ಮೂಲೆಗೆ ಇಡಿ. ಬಾಣ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ.

ಎರಡನೆಯ ಪ್ರಶ್ನೆ: ಸೊನ್ನೆ ಎಲ್ಲಿದೆ? ಶಾಲೆಯ ಗ್ರಾಫ್ ಹಾಳೆಯಲ್ಲಿ ಸೊನ್ನೆ ನಡುವಿನಲ್ಲೋ ಎಡಗಡೆ ಕೆಳಮೂಲೆಯಲ್ಲೋ ಇರುತ್ತಿತ್ತು. ಪರದೆಯಲ್ಲಿ ಅದು ಎಡಗಡೆ ಮೇಲ್ಮೂಲೆಯಲ್ಲಿದೆ. ಬಾಣ ಕೆಳಗಿಳಿದಷ್ಟೂ ವೈ ಹೆಚ್ಚುತ್ತದೆ. ಇನ್ನೂ ಒಂದು ಸೋಜಿಗವಿದೆ. ಅದೇ ಪ್ರೋಗ್ರಾಂನಲ್ಲಿ ವಿಂಡೋದ ಮೂಲೆಯಿಂದ ಎಣಿಸು ಎಂದರೆ ಒಂದು ಉತ್ತರ, ಇಡೀ ಪರದೆಯ ಮೂಲೆಯಿಂದ ಎಣಿಸು ಎಂದರೆ ಇನ್ನೊಂದು ಉತ್ತರ. ಬಾಣ ಒಂದೇ, ಜಾಗ ಒಂದೇ, ಸಂಖ್ಯೆ ಮಾತ್ರ ಬೇರೆ. ಎರಡೂ ಸರಿ. ಸೊನ್ನೆ ಎಲ್ಲಿಂದ ಎಂದು ಹೇಳದೆ ಬರೀ ಸಂಖ್ಯೆ ಕೊಟ್ಟರೆ ಎರಡೂ ವ್ಯರ್ಥ.

ಪರದೆಯಲ್ಲಿ ಸೊನ್ನೆ ಇಡುವುದು ಸುಲಭ, ಅದಕ್ಕೆ ಮೂಲೆಗಳಿವೆ. ನೆಲಕ್ಕೆ ಮೂಲೆ ಇಲ್ಲ. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಟ್ರಾಫಿಕ್‌ನಲ್ಲಿ ನಿಂತಾಗ ಫೋನಿನ ನಕ್ಷೆಯಲ್ಲಿ ಕಾಣುವ ನೀಲಿ ಚುಕ್ಕೆ ಇದೆಯಲ್ಲ, ಅದೂ ಒಂದು ಬಾಣವೇ. ಅದಕ್ಕೂ ಎರಡು ಸಂಖ್ಯೆ: ಅಕ್ಷಾಂಶ, ರೇಖಾಂಶ. ನಮ್ಮ ನೆಲಕ್ಕೆ ಇಂಥ ಸಂಖ್ಯೆಗಳನ್ನು ನಂಬುವಂತೆ ಕೊಡುವ ಕೆಲಸವನ್ನು ಇನ್ನೂರಿಪ್ಪತ್ತೈದು ವರ್ಷಗಳ ಹಿಂದೆ ಒಬ್ಬ ಸೈನಿಕ ಇದೇ ಬೆಂಗಳೂರಿನಲ್ಲಿ ಶುರು ಮಾಡಿದ. ಆತನ ಹೆಸರು ವಿಲಿಯಂ ಲ್ಯಾಂಬ್ಟನ್. ಇವತ್ತು ನಾವು ಹೇಳಹೊರಟಿರುವುದು ಆತನ ಕಥೆ.

ಸೂರ್ಯಗ್ರಹಣ ಕೊಟ್ಟ ಪೆಟ್ಟು

ಲ್ಯಾಂಬ್ಟನ್ ಹುಟ್ಟಿದ್ದು 1750ರ ದಶಕದಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದಲ್ಲಿ, ಬಡ ಕುಟುಂಬದಲ್ಲಿ. ಲೆಕ್ಕದಲ್ಲಿ ಚುರುಕಾಗಿದ್ದ. 1781ರಲ್ಲಿ ಸೇನೆ ಸೇರಿದ. ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಹೋಗಿ ಯಾರ್ಕ್‌ಟೌನ್‌ನಲ್ಲಿ ಸೆರೆ ಸಿಕ್ಕ. ಬಿಡುಗಡೆಯ ನಂತರ ಇಂದಿನ ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ವರ್ಷಗಟ್ಟಲೆ ಉಳಿದ. ಅಲ್ಲಿ ಭೂಮಿ ಅಳೆಯುವ ಕೆಲಸ ಕಲಿತ, ಗಣಿತ ಮತ್ತು ಖಗೋಳದ ಪುಸ್ತಕಗಳನ್ನು ಓದಿದ.

ಅಲ್ಲಿದ್ದಾಗಲೇ ಒಂದು ಅನಾಹುತವಾಯಿತು. ಮಸಿ ಹಿಡಿದ ಗಾಜಿನಂಥ ಯಾವ ರಕ್ಷಣೆಯೂ ಇಲ್ಲದೆ ಸೂರ್ಯಗ್ರಹಣ ನೋಡಲು ಹೋಗಿ ಆತ ಒಂದು ಕಣ್ಣಿನ ದೃಷ್ಟಿಯನ್ನು ಬಹುಪಾಲು ಕಳೆದುಕೊಂಡ. ಗ್ರಹಣ ಬಂದಾಗಲೆಲ್ಲ ಏನೇನೋ ಫಾರ್ವರ್ಡ್‌ಗಳು ಓಡಾಡುತ್ತವೆ. ಗ್ರಹಣದ ಹೊತ್ತಿನಲ್ಲಿ ವಿಶೇಷ ವಿಷಕಿರಣಗಳೇನೂ ಬರುವುದಿಲ್ಲ. ಆದರೆ ಬರಿಗಣ್ಣಿನಿಂದ ಸೂರ್ಯನನ್ನು ದಿಟ್ಟಿಸಿದರೆ ಕಣ್ಣಿನ ಒಳಪರದೆ ಸುಡುವುದು ನಿಜ. ಆ ಪರದೆಗೆ ನೋವು ತಿಳಿಯುವ ನರಗಳಿಲ್ಲ. ಹಾಗಾಗಿ ಸುಡುವಾಗ ಗೊತ್ತಾಗುವುದಿಲ್ಲ, ಸುಟ್ಟ ಮೇಲೆ ಗೊತ್ತಾಗುತ್ತದೆ. ಮುಂದೆ ದೂರದರ್ಶಕದ ಮೂಲಕ ಅರ್ಧ ಭಾರತವನ್ನು ನೋಡಬೇಕಿದ್ದ ಮನುಷ್ಯನ ಬಳಿ ಉಳಿದದ್ದು ಒಂದೇ ಒಳ್ಳೆಯ ಕಣ್ಣು.

ಶ್ರೀರಂಗಪಟ್ಟಣದ ಕತ್ತಲು

ಭಾರತಕ್ಕೆ ಬರುವಾಗ ಆತನಿಗೆ ನಲವತ್ತು ದಾಟಿತ್ತು. ಆತನಿದ್ದ 33ನೇ ರೆಜಿಮೆಂಟಿಗೆ ಆರ್ಥರ್ ವೆಲ್ಲೆಸ್ಲಿ ಮುಖ್ಯಸ್ಥ. ಮುಂದೆ ವೆಲಿಂಗ್ಟನ್ ಡ್ಯೂಕ್ ಎಂದು ಹೆಸರಾದವನು ಈತನೇ. 1799ರಲ್ಲಿ ಟಿಪ್ಪು ಸುಲ್ತಾನನ ಮೇಲೆ ಬ್ರಿಟಿಷರು ದಂಡೆತ್ತಿ ಬಂದಾಗ ಲ್ಯಾಂಬ್ಟನ್ ಜನರಲ್ ಬೇರ್ಡ್‌ನ ಕೈಕೆಳಗೆ ಶ್ರೀರಂಗಪಟ್ಟಣದ ಹೊರಗಿದ್ದ.

ಏಪ್ರಿಲ್ ತಿಂಗಳ ಒಂದು ರಾತ್ರಿ ಬೇರ್ಡ್‌ನ ತುಕಡಿ ಒಂದು ತೋಪನ್ನು ಶೋಧಿಸಿ ತನ್ನ ಪಾಳೆಯಕ್ಕೆ ಹಿಂತಿರುಗುತ್ತಿತ್ತು. ಕತ್ತಲಲ್ಲಿ ತಿರುವುಗಳ ಲೆಕ್ಕ ತಪ್ಪಿತು. ಉತ್ತರಕ್ಕೆ ಹೋಗುತ್ತಿದ್ದೇವೆ ಎಂದುಕೊಂಡವರು ದಕ್ಷಿಣಕ್ಕೆ, ನೇರ ಟಿಪ್ಪುವಿನ ಸೈನ್ಯದ ಕಡೆಗೇ ನಡೆಯುತ್ತಿದ್ದರು. ನಕ್ಷತ್ರಗಳನ್ನು ನೋಡಿದ ಲ್ಯಾಂಬ್ಟನ್ ದಿಕ್ಕು ತಪ್ಪಿದೆ ಎಂದು ಎಚ್ಚರಿಸಿದ. ಮೊದಲು ನಂಬದ ಬೇರ್ಡ್ ಆಮೇಲೆ ದಿಕ್ಸೂಚಿ ತೆಗೆದು ನೋಡಿದ. ಲ್ಯಾಂಬ್ಟನ್ ಹೇಳಿದ್ದೇ ಸರಿಯಿತ್ತು. ತುಕಡಿ ಹಿಂದಕ್ಕೆ ತಿರುಗಿತು.

ನಮ್ಮ ಮೌಸ್ ನೆನಪಾಯಿತೇ? ತುಕಡಿ ಮಾಡಿದ್ದು ಮೌಸ್ ಮಾಡುವುದನ್ನೇ. ಇಷ್ಟು ಹೆಜ್ಜೆ ಮುಂದೆ, ಇಷ್ಟು ಬಲಕ್ಕೆ ಎಂದು ಕೂಡಿಸುತ್ತಾ ಹೋಯಿತು. ನಡುವೆ ಒಂದು ತಿರುವು ತಪ್ಪಿದರೆ ಆಮೇಲಿನದೆಲ್ಲವೂ ತಪ್ಪು. ತಪ್ಪು ತಿಳಿಯಬೇಕಾದರೆ ಹೆಜ್ಜೆಗೆ ಸಂಬಂಧಪಡದ, ಹೊರಗಿನ ಒಂದು ಗುರುತು ಬೇಕು. ಆ ರಾತ್ರಿ ಅದು ನಕ್ಷತ್ರವಾಗಿತ್ತು.

ಏಳೂವರೆ ಮೈಲಿಯ ಗೆರೆ

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಗೆದ್ದ ನಾಡಿನ ನಕ್ಷೆ ಕಂಪನಿಗೆ ಬೇಕಿತ್ತು. ಸೈನ್ಯ ಸಾಗಿಸಲು ಬೇಕು, ಕಂದಾಯ ಎತ್ತಲು ಬೇಕು. ಈ ಅಳತೆಯ ಕಥೆ ಹೇಳುವಾಗ ಆ ಉದ್ದೇಶವನ್ನು ಮುಚ್ಚಿಡಬಾರದು. ಮೈಸೂರು ಸೀಮೆಯ ಊರು, ಕೆರೆ, ಗಡಿಗಳ ನಕ್ಷೆ ಮಾಡುವ ಕೆಲಸ ಕಾಲಿನ್ ಮೆಕೆಂಜಿ ಪಾಲಿಗೆ ಬಂತು. ಲ್ಯಾಂಬ್ಟನ್ ಬೇರೆಯದೇ ಯೋಜನೆ ಮುಂದಿಟ್ಟ. ಸಮುದ್ರದಿಂದ ಸಮುದ್ರದವರೆಗೆ ಕೆಲವು ಜಾಗಗಳ ಸ್ಥಾನವನ್ನು ಅಲುಗಾಡದಷ್ಟು ನಿಖರವಾಗಿ ಗುರುತಿಸೋಣ, ಉಳಿದ ನಕ್ಷೆಗಳೆಲ್ಲ ಅದಕ್ಕೆ ಹೊಂದಿಕೊಳ್ಳಲಿ ಎಂಬುದು ಆತನ ಯೋಚನೆ. ಜೊತೆಗೆ ಇನ್ನೂ ದೊಡ್ಡ ಆಸೆಯೊಂದಿತ್ತು. ಭೂಮಿ ಪೂರ್ತಿ ದುಂಡಗಿಲ್ಲ, ಧ್ರುವಗಳ ಕಡೆ ಸ್ವಲ್ಪ ಚಪ್ಪಟೆ. ಹಾಗಾಗಿ ಅಕ್ಷಾಂಶದ ಒಂದು ಡಿಗ್ರಿಯ ಉದ್ದ ಎಲ್ಲ ಕಡೆ ಒಂದೇ ಅಲ್ಲ. ಸಮಭಾಜಕದ ಬಳಿ ಸುಮಾರು 110.6 ಕಿ.ಮೀ., ಧ್ರುವದ ಬಳಿ ಸುಮಾರು 111.7 ಕಿ.ಮೀ. ಭಾರತದಲ್ಲಿ ಅದು ಎಷ್ಟಿದೆ ಎಂದು ಅಳೆದರೆ ಭೂಮಿಯ ನಿಜವಾದ ಆಕಾರ ತಿಳಿಯುತ್ತದೆ.

ವೆಲ್ಲೆಸ್ಲಿಯ ಬೆಂಬಲದಿಂದ ಯೋಜನೆಗೆ ಒಪ್ಪಿಗೆ ಸಿಕ್ಕಿತು. 1800ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಲ್ಯಾಂಬ್ಟನ್ ಬೆಂಗಳೂರಿನ ಬಯಲಲ್ಲಿ ತನ್ನ ಮೊದಲ ಗೆರೆಯನ್ನು ಅಳೆದ. ಉದ್ದ ಸುಮಾರು ಏಳೂವರೆ ಮೈಲಿ. ಇದನ್ನು ಆಧಾರರೇಖೆ ಎನ್ನುತ್ತಾರೆ.

ಇದಕ್ಕೆ ಬಳಸಿದ ಸರಪಳಿಯ ಕಥೆಯೂ ಸ್ವಾರಸ್ಯಕರ. ನೂರು ಅಡಿ ಉದ್ದದ ಆ ಉಕ್ಕಿನ ಸರಪಳಿಯಲ್ಲಿ ಎರಡೂವರೆ ಅಡಿಯ 40 ಕೊಂಡಿಗಳಿದ್ದವು. ಲಂಡನ್ನಿನ ಹೆಸರಾಂತ ಕುಶಲಕರ್ಮಿ ರ‍್ಯಾಮ್ಸ್‌ಡೆನ್ ಮಾಡಿದ್ದು. 1793ರಲ್ಲಿ ಬ್ರಿಟಿಷ್ ರಾಯಭಾರಿಗಳು ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಒಯ್ದಿದ್ದ ವಸ್ತುಗಳಲ್ಲಿ ಅದೂ ಒಂದು. ಅಲ್ಲಿ ಬೇಡವಾಗಿ ಕಲ್ಕತ್ತಕ್ಕೆ ಬಂದು, ಅಲ್ಲಿಂದ ಲ್ಯಾಂಬ್ಟನ್ ಕೈಸೇರಿತು. ಚೀನಾದ ಅರಮನೆಯಲ್ಲಿ ಇರಬೇಕಿದ್ದ ಸರಪಳಿ ಬೆಂಗಳೂರಿನ ಕೆಮ್ಮಣ್ಣಿನ ಮೇಲೆ ಹಾಸಿತು.

ಒಂದು ಗೆರೆಯಿಂದ ನಾಡೆಲ್ಲ

ಏಳೂವರೆ ಮೈಲಿ ಅಳೆಯಲು ಎರಡು ತಿಂಗಳಾದರೆ ಇಡೀ ದಕ್ಷಿಣ ಭಾರತಕ್ಕೆ ಎಷ್ಟು ವರ್ಷ ಬೇಕು? ಇಲ್ಲಿ ಶಾಲೆಯ ತ್ರಿಕೋನದ ಪಾಠ ಕೆಲಸಕ್ಕೆ ಬರುತ್ತದೆ. ತ್ರಿಕೋನದ ಒಂದು ಬದಿಯ ಉದ್ದ ಮತ್ತು ಆ ಬದಿಯ ಎರಡು ತುದಿಗಳ ಕೋನಗಳು ಗೊತ್ತಿದ್ದರೆ ಉಳಿದ ಎರಡು ಬದಿಗಳನ್ನು ಅಳೆಯಬೇಕಿಲ್ಲ, ಲೆಕ್ಕ ಹಾಕಿದರೆ ಸಾಕು.

ಆಧಾರರೇಖೆಯ ಒಂದು ತುದಿಯಲ್ಲಿ ನಿಂತು ದೂರದ ಬೆಟ್ಟದ ತುದಿಯಲ್ಲಿ ನೆಟ್ಟ ಬಾವುಟವನ್ನು ನೋಡಿ ಕೋನ ಬರೆದುಕೊಳ್ಳಿ. ಇನ್ನೊಂದು ತುದಿಗೆ ಹೋಗಿ ಅದೇ ಬಾವುಟ ನೋಡಿ ಮತ್ತೊಂದು ಕೋನ ಬರೆದುಕೊಳ್ಳಿ. ಬೆಟ್ಟದ ದೂರ ಲೆಕ್ಕದಲ್ಲೇ ಸಿಕ್ಕಿತು. ಈಗ ಆ ಲೆಕ್ಕದ ಗೆರೆಯೇ ಹೊಸ ಆಧಾರ. ಅದರ ಮೇಲೆ ಮುಂದಿನ ತ್ರಿಕೋನ, ಅದರಾಚೆ ಇನ್ನೊಂದು. ಸಾವನದುರ್ಗದಂಥ ಬೆಟ್ಟಗಳು ಬೆಂಗಳೂರಿನ ಸುತ್ತ ಇದ್ದದ್ದು ಲ್ಯಾಂಬ್ಟನ್‌ಗೆ ವರವಾಯಿತು.

ಆತ ಮೂರನೆಯ ಕೋನವನ್ನು ಲೆಕ್ಕದಿಂದ ಪಡೆದು ಸುಮ್ಮನಿರುತ್ತಿರಲಿಲ್ಲ. ಸಾಧ್ಯವಾದ ಕಡೆಯಲ್ಲೆಲ್ಲ ಬೆಟ್ಟ ಹತ್ತಿ ಅದನ್ನೂ ಅಳೆಯುತ್ತಿದ್ದ. ಮೂರೂ ಕೂಡಿದರೆ 180 ಡಿಗ್ರಿ ಬರಬೇಕು. ಭೂಮಿ ಬಾಗಿರುವುದರಿಂದ ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಬರಬೇಕು. ಬಾರದಿದ್ದರೆ ಎಲ್ಲೋ ತಪ್ಪಿದೆ ಎಂದರ್ಥ, ಮತ್ತೆ ಅಳೆ.

ಬಿಸಿಲಿಗೆ ಉದ್ದವಾಗುವ ಸರಪಳಿ

1802ರ ಏಪ್ರಿಲ್ 10ರಂದು ಲ್ಯಾಂಬ್ಟನ್ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಇನ್ನೊಂದು ಆಧಾರರೇಖೆ ಅಳೆಯಲು ತೊಡಗಿದ. ಮಹಾ ತ್ರಿಕೋನಮಿತಿ ಸರ್ವೆ ಶುರುವಾದ ದಿನವೆಂದು ಇತಿಹಾಸ ಗುರುತಿಸುವುದು ಈ ದಿನವನ್ನೇ.

ಮದ್ರಾಸಿನ ಏಪ್ರಿಲ್ ಬಿಸಿಲು ಹೇಗಿರುತ್ತದೆಂದು ಹೇಳಬೇಕಿಲ್ಲ. ಬಿಸಿಯಾದ ಉಕ್ಕು ಹಿಗ್ಗುತ್ತದೆ. ನಾವೇ ಲೆಕ್ಕ ಹಾಕೋಣ. ನೂರು ಅಡಿಯ ಉಕ್ಕಿನ ಸರಪಳಿ 10 ಡಿಗ್ರಿ ಸೆಲ್ಸಿಯಸ್ ಬಿಸಿ ಹೆಚ್ಚಾದರೆ ಸುಮಾರು ಮೂರೂವರೆ ಮಿಲಿಮೀಟರ್ ಉದ್ದವಾಗುತ್ತದೆ. ಇಷ್ಟೇನಾ ಅನ್ನಿಸಬಹುದು. ಆದರೆ ಏಳೂವರೆ ಮೈಲಿಗೆ ಸರಪಳಿಯನ್ನು ಹತ್ತಿರ ಹತ್ತಿರ 400 ಸಲ ಹಾಸಬೇಕು. ಮೂರೂವರೆ ಮಿಲಿಮೀಟರ್ 400 ಸಲ ಸೇರಿದರೆ ಸುಮಾರು 1.4 ಮೀಟರ್ ತಪ್ಪು. ಮೇಲೆ ಕಟ್ಟುವ ತ್ರಿಕೋನಗಳಲ್ಲಿ ಅದೇ ತಪ್ಪು ಬೆಳೆಯುತ್ತಾ ಹೋಗುತ್ತದೆ.

ಅದಕ್ಕೇ ಸರಪಳಿಯನ್ನು ನೆಲದ ಮೇಲೆ ಬಿಡದೆ, ಸಮಮಟ್ಟಕ್ಕೆ ನಿಲ್ಲಿಸಿದ ಉದ್ದನೆಯ ಮರದ ಪೆಟ್ಟಿಗೆಗಳಲ್ಲಿ ಮಲಗಿಸಿದರು. ಮೇಲೆ ನೆರಳು ಕಟ್ಟಿದರು. ಒಳಗೆ ಉಷ್ಣಮಾಪಕಗಳನ್ನಿಟ್ಟು, ಪ್ರತಿ ಸಲವೂ ಬಿಸಿಯೆಷ್ಟೆಂದು ಬರೆದುಕೊಂಡು ಉದ್ದವನ್ನು ತಿದ್ದಿಕೊಂಡರು. ಬಿಸಿಲಲ್ಲಿ ಪೆಟ್ಟಿಗೆ ಹೊತ್ತವರು, ಸರಪಳಿ ಹಿಡಿದವರು, ಬಾವುಟ ಹಿಡಿದು ಬೆಟ್ಟದ ತುದಿಯಲ್ಲಿ ದಿನಗಟ್ಟಲೆ ಕಾದವರು ನಮ್ಮ ಜನ. ಮದ್ರಾಸಿನ ಸರ್ವೆ ಶಾಲೆಯಲ್ಲಿ ತರಬೇತಾದ ಹುಡುಗರು ಸಹಾಯಕರಾಗಿದ್ದರು. ಅವರಲ್ಲಿ ಜೋಶುವಾ ಡಿ ಪೆನ್ನಿಂಗ್ ಲ್ಯಾಂಬ್ಟನ್‌ನ ಕೊನೆಯವರೆಗೂ ಜೊತೆಗಿದ್ದ. ಹೆಚ್ಚಿನವರ ಹೆಸರು ಯಾವ ಪುಸ್ತಕದಲ್ಲೂ ಉಳಿದಿಲ್ಲ.

ಬೆಂಗಳೂರಿನಲ್ಲಿ ಪರೀಕ್ಷೆ

ಮದ್ರಾಸಿನಿಂದ ತ್ರಿಕೋನಗಳ ಸಾಲು ಪಶ್ಚಿಮಕ್ಕೆ ಬೆಳೆಯುತ್ತಾ ಬೆಂಗಳೂರು ಮುಟ್ಟಿತು. ಸುಮಾರು 300 ಕಿ.ಮೀ. ದೂರ ಬರೀ ಕೋನ ಮತ್ತು ಲೆಕ್ಕ. ಇದನ್ನೆಲ್ಲ ನಂಬಬಹುದೇ? ಲ್ಯಾಂಬ್ಟನ್ ತನ್ನನ್ನೇ ಪರೀಕ್ಷೆಗೆ ಒಡ್ಡಿಕೊಂಡ. 1804ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿ ಮೀರಿದ ಹೊಸ ಗೆರೆಯೊಂದನ್ನು ಆರಿಸಿ, ಮದ್ರಾಸಿನಿಂದ ಬಂದ ಲೆಕ್ಕದ ಪ್ರಕಾರ ಅದರ ಉದ್ದ ಎಷ್ಟಿರಬೇಕೆಂದು ಕಂಡುಕೊಂಡ. ಅದೇ ಗೆರೆಯನ್ನು ಸರಪಳಿಯಿಂದಲೂ ಅಳೆಸಿದ. ಅಳೆದವನು ಸಹಾಯಕ ಜಾನ್ ವಾರೆನ್. ಕೋಲಾರದ ಚಿನ್ನದ ಬಗ್ಗೆ 1802ರಲ್ಲಿ ವರದಿ ಬರೆದ ವಾರೆನ್ ಇವನೇ.

ಲೆಕ್ಕಕ್ಕೂ ಸರಪಳಿಗೂ ಬಂದ ವ್ಯತ್ಯಾಸ ಸುಮಾರು ನಾಲ್ಕು ಇಂಚು. ಏಳು ಮೈಲಿಗೆ ನಾಲ್ಕು ಇಂಚು! ನಮ್ಮ ದೃಷ್ಟಿಯಲ್ಲಿ ಲ್ಯಾಂಬ್ಟನ್‌ನ ಬದುಕಿನ ಅತಿ ದೊಡ್ಡ ದಿನ ಯಾವುದೆಂದರೆ ಇದೇ. ಶ್ರೀರಂಗಪಟ್ಟಣದ ಕತ್ತಲಲ್ಲಿ ನಕ್ಷತ್ರ ಮಾಡಿದ ಕೆಲಸವನ್ನು ಇಲ್ಲಿ ಎರಡನೆಯ ಗೆರೆ ಮಾಡಿತು.

ಬೆಂಗಳೂರಿನಲ್ಲಿ ಆತ ಆಕಾಶವನ್ನೂ ಅಳೆದ. ಇಂದಿನ ಕಾಕ್ಸ್ ಟೌನ್ ಬಳಿಯ ದೊಡ್ಡಗುಂಟದಲ್ಲಿ ವೀಕ್ಷಣಾ ಸ್ಥಾನ ಮಾಡಿಕೊಂಡು, ತಲೆಯ ಮೇಲೆ ಹಾದುಹೋಗುವ ನಕ್ಷತ್ರಗಳನ್ನು ರಾತ್ರಿಗಟ್ಟಲೆ ನೋಡಿ ಅದರ ಅಕ್ಷಾಂಶ ಕಂಡುಹಿಡಿದ. ಅದು 13 ಡಿಗ್ರಿಗೆ ತೀರಾ ಹತ್ತಿರ ಬಂತು. ಈಗ ಫೋನ್‌ನಲ್ಲಿ ಆ ಪ್ರದೇಶದ ಮೇಲೆ ಬೆರಳಿಟ್ಟು ನೋಡಿ, ಅಲ್ಲೂ ಬಹುತೇಕ ಅದೇ ಸಂಖ್ಯೆ.

ಪಲ್ಲಕ್ಕಿ ಹೊರುವವರಿಗೆ ದಾರಿ ಗೊತ್ತಲ್ಲ?

ಹಣ ಕೊಡುವವರಿಗೆಲ್ಲ ಈ ಕೆಲಸ ಅರ್ಥವಾಗಲಿಲ್ಲ. ಲಂಡನ್ನಿನ ಹೆಸರಾಂತ ನಕ್ಷೆಗಾರ ಜೇಮ್ಸ್ ರೆನೆಲ್ ಮೊದಮೊದಲು ಆಕ್ಷೇಪಿಸಿದ. ನಕ್ಷತ್ರ ನೋಡಿ ಗುರುತಿಸಿದ ಸ್ಥಾನಗಳೇ ಸಾಕಲ್ಲ ಎಂಬುದು ಅವನ ವಾದ. ಮದ್ರಾಸಿನ ಹಣಕಾಸು ಸಮಿತಿಯ ಒಬ್ಬ ಸದಸ್ಯನಂತೂ, ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವರು ಪಲ್ಲಕ್ಕಿ ಹೊರುವವರಿಗೆ ಹೇಳಿದರೆ ಸಾಕು, ಲ್ಯಾಂಬ್ಟನ್‌ನ ನಕ್ಷೆ ಯಾಕೆ ಎಂದು ವಾದಿಸಿದನೆಂದು ಹೇಳುತ್ತಾರೆ.

ಉತ್ತರ ಅಳತೆಯಿಂದಲೇ ಬಂತು. ಲ್ಯಾಂಬ್ಟನ್‌ನ ತಂಡ ಕೊಡಗಿನ ತಡಿಯಂಡಮೋಳ್ ಬೆಟ್ಟವನ್ನೂ ಸೇರಿಸಿಕೊಂಡು ಪಶ್ಚಿಮ ಕರಾವಳಿ ತಲುಪಿತು. ಆಗ ಒಂದು ಕರಾವಳಿಯಿಂದ ಇನ್ನೊಂದಕ್ಕೆ 360 ಮೈಲಿ ಎಂದು ತಿಳಿಯಿತು. ಅಲ್ಲಿಯವರೆಗಿನ ನಕ್ಷೆಗಳು ಸುಮಾರು 40 ಮೈಲಿ ಹೆಚ್ಚು ತೋರಿಸುತ್ತಿದ್ದವು. ಪಲ್ಲಕ್ಕಿ ಹೊರುವವರಿಗೆ ದಾರಿ ಗೊತ್ತಿತ್ತು, ನಿಜ. ಆದರೆ ಇಲ್ಲದ ನಲವತ್ತು ಮೈಲಿ ನಕ್ಷೆಯಲ್ಲಿ ಕುಳಿತಿದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ತಂಜಾವೂರಿನ ಹಗ್ಗ

ಕೋನ ಅಳೆಯುವ ದೊಡ್ಡ ಥಿಯೋಡೊಲೈಟ್ ಯಂತ್ರ ಇಂಗ್ಲೆಂಡಿನಿಂದ ಬರಬೇಕಿತ್ತು. ಮೂರು ಅಡಿ ಅಗಲದ ವೃತ್ತ, ಸುಮಾರು ಅರ್ಧ ಟನ್ ತೂಕ. ತರುತ್ತಿದ್ದ ಹಡಗನ್ನು ದಾರಿಯಲ್ಲಿ ಫ್ರೆಂಚರು ಹಿಡಿದು ಮಾರಿಷಸ್‌ಗೆ ಒಯ್ದರು. ಅದು ವಿಜ್ಞಾನದ ಉಪಕರಣ ಎಂದು ತಿಳಿದ ಮೇಲೆ, ಶತ್ರುಗಳಾಗಿದ್ದರೂ, ಗೌರವದಿಂದ ಮದ್ರಾಸಿಗೆ ಕಳಿಸಿಕೊಟ್ಟರು.

ಅಂಥ ಯಂತ್ರ 1808ರಲ್ಲಿ ತಂಜಾವೂರಿನಲ್ಲಿ ಪೆಟ್ಟು ತಿಂದಿತು. ಸುತ್ತ ಬಯಲು, ಬೆಟ್ಟವಿಲ್ಲ. ಹಾಗಾಗಿ ದೇವಾಲಯದ ಗೋಪುರದ ಮೇಲಕ್ಕೆ ಅದನ್ನು ಹಗ್ಗ ಕಟ್ಟಿ ಎತ್ತುತ್ತಿದ್ದರು. ಹಗ್ಗ ತುಂಡಾಯಿತು, ಯಂತ್ರ ಗೋಪುರಕ್ಕೆ ಬಡಿಯಿತು, ವೃತ್ತ ಸೊಟ್ಟಗಾಯಿತು. ಬೇರೆಯವರಾಗಿದ್ದರೆ ಹೊಸ ಯಂತ್ರ ಬರಲಿ ಎಂದು ಕೈಕಟ್ಟಿ ಕೂರುತ್ತಿದ್ದರೇನೋ. ಲ್ಯಾಂಬ್ಟನ್ ಡೇರೆಯೊಳಗೆ ಸೇರಿಕೊಂಡು ಸುಮಾರು ಆರು ವಾರ ಹಿಡಿಕೆ, ಮರದ ಸುತ್ತಿಗೆಗಳಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಎಳೆದು ಅದನ್ನು ಮತ್ತೆ ದುಂಡಗೆ ಮಾಡಿದ. ಅದೇ ಯಂತ್ರದಿಂದ ಸರ್ವೆ ಮುಂದುವರಿಯಿತು.

ಹಿಂಗಣ್‌ಘಾಟ್‌ನಲ್ಲಿ ಕೊನೆ

ಕನ್ಯಾಕುಮಾರಿಯ ಬಳಿಯಿಂದ ಉತ್ತರಕ್ಕೆ ತ್ರಿಕೋನಗಳ ಸಾಲು ಹೈದರಾಬಾದ್ ಸೀಮೆ ತಲುಪಿತು. ಸುಮಾರು 10 ಡಿಗ್ರಿ, ಅಂದರೆ ಸರಿಸುಮಾರು 1,100 ಕಿ.ಮೀ. 1818ರಲ್ಲಿ ಇದಕ್ಕೆ ಮಹಾ ತ್ರಿಕೋನಮಿತಿ ಸರ್ವೆ ಎಂಬ ಹೆಸರು ಅಧಿಕೃತವಾಯಿತು. ಅದೇ ವರ್ಷ ಜಾರ್ಜ್ ಎವರೆಸ್ಟ್ ಎಂಬ ಯುವಕ ಸಹಾಯಕನಾಗಿ ಬಂದ. ಲಂಡನ್ನಿನ ರಾಯಲ್ ಸೊಸೈಟಿ ಲ್ಯಾಂಬ್ಟನ್‌ನನ್ನು ಸದಸ್ಯನನ್ನಾಗಿ ಮಾಡಿಕೊಂಡಿತು. ವಯಸ್ಸು ಎಪ್ಪತ್ತರ ಹತ್ತಿರ ಬಂದರೂ ಆತ ಊರಿಗೆ ಹಿಂತಿರುಗಲಿಲ್ಲ. 1823ರ ಜನವರಿಯಲ್ಲಿ ಹೈದರಾಬಾದ್‌ನಿಂದ ನಾಗಪುರದ ಕಡೆಗೆ ಹೊರಟಿದ್ದಾಗ ದಾರಿಯಲ್ಲಿ, ಇಂದಿನ ಮಹಾರಾಷ್ಟ್ರದ ಹಿಂಗಣ್‌ಘಾಟ್‌ನಲ್ಲಿ ತೀರಿಕೊಂಡ. ಸಮಾಧಿ ಅಲ್ಲೇ ಇದೆ.

ಇಲ್ಲಿ ಒಂದು ತಪ್ಪು ನಂಬಿಕೆಯನ್ನು ಸರಿಪಡಿಸಬೇಕು. ಎವರೆಸ್ಟ್ ಶಿಖರವನ್ನು ಜಾರ್ಜ್ ಎವರೆಸ್ಟ್ ಕಂಡುಹಿಡಿದು ಅಳೆದ ಎಂದು ಅನೇಕರು ಅಂದುಕೊಂಡಿದ್ದಾರೆ. ಆತ 1843ರಲ್ಲೇ ನಿವೃತ್ತನಾಗಿದ್ದ. ಆ ಶಿಖರದ ಎತ್ತರದ ಲೆಕ್ಕ ನಡೆದದ್ದು 1850ರ ದಶಕದಲ್ಲಿ, ಬಂಗಾಳದ ಗಣಿತಜ್ಞ ರಾಧಾನಾಥ ಸಿಕ್ದಾರ್ ಕೈಯಲ್ಲಿ. ಎವರೆಸ್ಟ್ ಎಂಬ ಹೆಸರು ಅಧಿಕೃತವಾದದ್ದು 1865ರಲ್ಲಿ. ಇದೆಲ್ಲಕ್ಕೂ ಬುನಾದಿಯಾದ ಸರ್ವೆಯನ್ನು ಕಟ್ಟಿದವನ ಹೆಸರಿನಲ್ಲಿ ಶಿಖರವೂ ಇಲ್ಲ, ಬೆಂಗಳೂರಿನಲ್ಲಿ ನೆನಪೂ ಹೆಚ್ಚಿಲ್ಲ.

ಮೇಖ್ರಿ ಸರ್ಕಲ್‌ನಿಂದ ಕಣ್ಣೂರಿಗೆ

ಲ್ಯಾಂಬ್ಟನ್ ಸತ್ತು ನಾಲ್ಕು ದಶಕಗಳಾದ ಮೇಲೆ ಬೆಂಗಳೂರಿನಲ್ಲಿ ಇನ್ನೂ ಉತ್ತಮ ಉಪಕರಣಗಳಿಂದ ಆಧಾರರೇಖೆಯನ್ನು ಹೊಸದಾಗಿ ಅಳೆದರು. 1868ರ ಆ ಗೆರೆ ಪೂರ್ತಿ ಉತ್ತರ ಬೆಂಗಳೂರಿನದು. ಒಂದು ತುದಿ ಇಂದಿನ ಮೇಖ್ರಿ ಸರ್ಕಲ್ ಬಳಿ, ಇನ್ನೊಂದು ತುದಿ ಹೆಣ್ಣೂರು-ಬಾಗಲೂರು ರಸ್ತೆಯ ಕಣ್ಣೂರಿನಲ್ಲಿ. ನಡುವೆ ಸುಮಾರು ಏಳು ಮೈಲಿ. ಕಣ್ಣೂರಿನ ತುದಿಯಲ್ಲಿ ಕಟ್ಟಿದ ಪುಟ್ಟ ವೀಕ್ಷಣಾಲಯ ನೂರೈವತ್ತು ವರ್ಷ ಮಳೆ ಬಿಸಿಲು ತಾಳಿಕೊಂಡು ನಿಂತಿತ್ತು. ಈಚಿನ ವರ್ಷಗಳಲ್ಲಿ ಅದು ನೆಲಸಮವಾಯಿತು. ಆ ರಸ್ತೆಯಲ್ಲಿ ದಿನಾ ಓಡಾಡುವ ನೀವು, ಅಲ್ಲೊಂದು ಪಾಳು ಕಟ್ಟಡ ಇತ್ತಲ್ಲ ಎಂದು ನೆನಪಿಸಿಕೊಳ್ಳಬಹುದು.

ಉಪಗ್ರಹ ಇರುವಾಗ ಆ ಹಳೇ ಕಟ್ಟಡ ಯಾಕೆ ಬೇಕು ಎಂದು ಕೇಳಬಹುದು. ಫೋನ್‌ನ ಜಿಪಿಎಸ್ ಬಗ್ಗೆ ಎರಡು ಮಾತು ಹೇಳಿ ಇದಕ್ಕೆ ಉತ್ತರಿಸುತ್ತೇವೆ.

ಒಂದು, ಇಂಟರ್ನೆಟ್ ಇಲ್ಲದಿದ್ದರೆ ಜಿಪಿಎಸ್ ನಡೆಯುವುದಿಲ್ಲ ಎಂಬುದು ತಪ್ಪು. ಫೋನ್ ಉಪಗ್ರಹಗಳ ಸಂಕೇತವನ್ನು ನೇರವಾಗಿ ಹಿಡಿಯುತ್ತದೆ. ಸಂಕೇತ ಬರಲು ತೆಗೆದುಕೊಂಡ ಸಮಯದಿಂದ ದೂರ ಲೆಕ್ಕ ಹಾಕುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳ ದೂರ ಸಿಕ್ಕಿದರೆ ಸ್ಥಾನ ತಿಳಿಯುತ್ತದೆ. ಡೇಟಾ ಬೇಕಾಗುವುದು ನಕ್ಷೆಯ ಚಿತ್ರ ತರಲು ಮತ್ತು ಸ್ಥಾನ ಬೇಗ ಸಿಗಲು. ನಮ್ಮದೇ ನಾವಿಕ್ ಉಪಗ್ರಹಗಳದ್ದೂ ಇದೇ ತತ್ವ. ಅವನ್ನು ರೂಪಿಸಿದ ಇಸ್ರೋದ ಕೇಂದ್ರ ಕಚೇರಿ ನ್ಯೂ ಬಿಇಎಲ್ ರಸ್ತೆಯಲ್ಲಿದೆ, ಲ್ಯಾಂಬ್ಟನ್‌ನ ಉತ್ತರಾಧಿಕಾರಿಗಳು ಗೆರೆ ಎಳೆದ ಮೇಖ್ರಿ ಸರ್ಕಲ್‌ಗೆ ಕೆಲವೇ ಕಿಲೋಮೀಟರ್ ದೂರ.

ಎರಡು, ಹಳೆಯ ಸರ್ವೆ ನಕ್ಷೆಯಲ್ಲಿರುವ ಅಕ್ಷಾಂಶ, ರೇಖಾಂಶಗಳನ್ನು ಹಾಗೇ ಫೋನ್‌ಗೆ ಹಾಕಿದರೆ ಚುಕ್ಕೆ ಪಕ್ಕದ ಬೇರೆ ಜಾಗದಲ್ಲಿ ಬೀಳಬಹುದು. ನಕ್ಷೆ ತಪ್ಪಲ್ಲ, ಫೋನೂ ತಪ್ಪಲ್ಲ. ಹಳೆಯ ನಕ್ಷೆಗಳ ಲೆಕ್ಕ ಮಧ್ಯಪ್ರದೇಶದ ಕಲ್ಯಾಣಪುರ ಎಂಬಲ್ಲಿನ ಒಂದು ಬಿಂದುವಿನಿಂದ ಶುರುವಾಗುತ್ತದೆ. ಜಿಪಿಎಸ್‌ನ ಲೆಕ್ಕ ಭೂಮಿಯ ಕೇಂದ್ರದಿಂದ ಶುರುವಾಗುತ್ತದೆ. ವಿಂಡೋದ ಮೂಲೆ ಮತ್ತು ಪರದೆಯ ಮೂಲೆ ನೆನಪಿಸಿಕೊಳ್ಳಿ. ಅದೇ ಜಾಗ, ಬೇರೆ ಸೊನ್ನೆ.

ನೆಲದ ಗುರುತುಗಳ ಅಗತ್ಯ ಈಗಲೂ ಮುಗಿದಿಲ್ಲ. ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಒಂದು ಸ್ಥಿರ ಜಿಪಿಎಸ್ ಕೇಂದ್ರವಿದೆ. ಅದು ಅಲುಗಾಡದಂತೆ ಗಟ್ಟಿಯಾಗಿ ನೆಟ್ಟದ್ದು. ಆದರೂ ಅದು ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತಿದೆ ಎಂದು ಅದರ ಅಳತೆ ಹೇಳುತ್ತದೆ. ಸರಿಯುತ್ತಿರುವುದು ಕೇಂದ್ರವಲ್ಲ, ಅದರ ಕೆಳಗಿನ ಇಡೀ ಭಾರತದ ಭೂಫಲಕ. ಆ ಲೆಕ್ಕದಲ್ಲಿ, ಲ್ಯಾಂಬ್ಟನ್ ಸರಪಳಿ ಹಾಸಿದ ನೆಲ ಈಗ ಅಂದು ಇದ್ದಲ್ಲಿಂದ ಹತ್ತು ಮೀಟರ್‌ಗೂ ಹೆಚ್ಚು ದೂರ ಹೋಗಿದೆ. ನೆಲದಲ್ಲಿ ಗುರುತು ನೆಟ್ಟು ಮತ್ತೆ ಮತ್ತೆ ಅಳೆಯದಿದ್ದರೆ ಇದು ನಮಗೆ ತಿಳಿಯುತ್ತಲೇ ಇರಲಿಲ್ಲ. ಕಣ್ಣೂರಿನ ಕಟ್ಟಡ ಅಂಥ ಒಂದು ಗುರುತಾಗಿತ್ತು.

ಕೊನೆಗೆ ಮತ್ತೆ ಆ ಪುಟ್ಟ ವಿಂಡೋಗೆ ಬರೋಣ. ಓಡುವ ಎರಡು ಸಂಖ್ಯೆಗಳ ಹಿಂದೆ ಮೂರು ಸಂಗತಿ ಇವೆ: ಎಲ್ಲರೂ ಒಪ್ಪಿದ ಸೊನ್ನೆ, ನಂಬಬಹುದಾದ ಅಳತೆಗೋಲು, ತಪ್ಪಿದ್ದರೆ ಹಿಡಿಯಲು ಇನ್ನೊಂದು ಕಡೆಯಿಂದ ಪರೀಕ್ಷೆ. ಒಂದು ಕಣ್ಣಿನ ಲ್ಯಾಂಬ್ಟನ್ ಇಪ್ಪತ್ತಮೂರು ವರ್ಷ ಬಿಸಿಲಲ್ಲಿ ಮಾಡಿದ್ದು ಈ ಮೂರು ಕೆಲಸ, ಅಷ್ಟೇ.

ನಾಳೆ ಬೆಳಿಗ್ಗೆ ನಿಮ್ಮ ಗ್ರೂಪಿಗೆ ಒಂದು ಫಾರ್ವರ್ಡ್ ಬರುತ್ತದೆ. ಅದರಲ್ಲೂ ಒಂದು ಸಂಖ್ಯೆ ಇದ್ದೇ ಇರುತ್ತದೆ: ಇಷ್ಟು ಪರ್ಸೆಂಟ್, ಇಷ್ಟು ಲಕ್ಷ, ಇಷ್ಟು ವರ್ಷ. ಮುಂದಕ್ಕೆ ಕಳಿಸುವ ಮುನ್ನ ಅದರ ಸೊನ್ನೆ ಎಲ್ಲಿದೆ ಎಂದು ಒಮ್ಮೆ ಹುಡುಕಿ. ಸಿಗದಿದ್ದರೆ ಅಲ್ಲೇ ಬಿಡಿ. ಸಿಕ್ಕಿದರೂ ಇನ್ನೊಂದು ಕಡೆಯಿಂದ ಅಳೆದು ನೋಡಿ. ಈ ಲೇಖನದ ಸಂಖ್ಯೆಗಳಿಗೂ ಅದೇ ನಿಯಮ.